ಊರಲ್ಲಿ ಗೆಳೆಯರಿದ್ದಾರೆ ಎನ್ನುವ ಅಪ್ಪನನ್ನು ಬೆಂಗಳೂರಿಗೆ ಬರಲು ಒಪ್ಪಿಸುವುದು ಹೇಗೆ?

ಒಪ್ಪಿಸಬೇಡಿ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಹಾಸನದಲ್ಲಿ ಒಬ್ಬರೇ ಇದ್ದಾರೆ, ಕರೆದಾಗಲೆಲ್ಲ ಗೆಳೆಯರ ನೆಪ ಹೇಳುತ್ತಾರೆ ಎಂದು ಬರೆದಿದ್ದೀರಿ. 2021ರಲ್ಲಿ ನಾನು ನನ್ನ ತಂಗಿಗೆ ಫೋನಿನಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು. ಊರು ಮಾತ್ರ ಬೇರೆ. ನಮ್ಮದು ತಿಪಟೂರು.

ಅಪ್ಪ ಅಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕೆಲಸ ಬಿಟ್ಟ ಮೇಲೂ ಊರಲ್ಲಿ ಎಲ್ಲರಿಗೂ ಅವರು ಗುಮಾಸ್ತರೇ. ಅವರಿಗೆ ಒಬ್ಬ ಗೆಳೆಯರಿದ್ದರು. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು, ಊರಾಚೆ ಎರಡು ಎಕರೆ ತೆಂಗಿನ ತೋಟ ಇಟ್ಟುಕೊಂಡಿದ್ದವರು. ಅಪ್ಪ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದರು, ಅವರು ಅಪ್ಪನನ್ನು ಗುಮಾಸ್ತರೇ ಎನ್ನುತ್ತಿದ್ದರು. ನಾನು ಹುಟ್ಟುವ ಮೊದಲಿನ ಸ್ನೇಹ. ಅಷ್ಟು ವರ್ಷದಲ್ಲಿ ಇಬ್ಬರ ಬಾಯಲ್ಲೂ ಏಕವಚನ ಬಂದದ್ದನ್ನು ನಾನು ಕೇಳಿಲ್ಲ.

ಬೆಳಿಗ್ಗೆ ಆರಕ್ಕೆ ಮೇಷ್ಟ್ರು ನಮ್ಮ ಗೇಟಿನ ಹತ್ತಿರ ಬಂದು ಕೆಮ್ಮುತ್ತಿದ್ದರು. ಬೆಲ್ ಒತ್ತುತ್ತಿರಲಿಲ್ಲ. ಅಪ್ಪ ಶಾಲು ಹೊದ್ದು ಹೊರಡುತ್ತಿದ್ದರು. ರೈಲ್ವೆ ಸ್ಟೇಷನ್ ತನಕ ನಡಿಗೆ, ಅಲ್ಲಿ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುವುದು, ವಾಪಸ್ ಬರುವಾಗ ಹೋಟೆಲಿನಲ್ಲಿ ಬೈಟು ಕಾಫಿ. ಒಂದು ದಿನ ಇವರ ದುಡ್ಡು, ಮಾರನೇ ದಿನ ಅವರ ದುಡ್ಡು. ಅಪ್ಪ ತರಿಸುತ್ತಿದ್ದದ್ದು ಪ್ರಜಾವಾಣಿ, ಮೇಷ್ಟ್ರ ಮನೆಗೆ ಬರುತ್ತಿದ್ದದ್ದು ಕನ್ನಡಪ್ರಭ. ಹತ್ತು ಗಂಟೆಗೆ ಪೇಪರ್ ಅದಲು ಬದಲು. ಬಿಪಿ ತೋರಿಸಲು ಹೋಗುವುದೂ ಜೊತೆಯಲ್ಲೇ. ಅಮ್ಮ ಹೋದ ದಿನ ನಾನು ಬೆಂಗಳೂರಿನಿಂದ ಬರುವಷ್ಟರಲ್ಲಿ ಮೇಷ್ಟ್ರೇ ಶಾಮಿಯಾನ ಹಾಕಿಸಿ, ಬಂದವರಿಗೆ ಕಾಫಿ ವ್ಯವಸ್ಥೆ ಮಾಡಿ, ಅಪ್ಪನಿಗೆ ಶುಗರ್ ಮಾತ್ರೆ ಕೊಟ್ಟಿದ್ದರು. ಆ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಆದರೂ ಅಪ್ಪ ಒಬ್ಬರೇ ಇದ್ದಾರೆ ಎಂದೇ ನಾನು ಎಲ್ಲರಿಗೂ ಹೇಳುತ್ತಿದ್ದೆ. ನೀವೂ ಈಗ ಹಾಗೆಯೇ ಬರೆದಿದ್ದೀರಿ.

ಕೊರೊನಾ ಎರಡನೇ ಅಲೆಯ ಭಯ ಬೇರೆ ಇತ್ತು. ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. ಅದನ್ನು ನಾನು ಇವತ್ತಿಗೂ ತಪ್ಪು ಎನ್ನುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದರು. ನಾನು ಮಾಡಿದ ತಪ್ಪು ಬೇರೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೇಲ್ನೋಟಕ್ಕೆ ಅದು ಬುದ್ಧಿವಂತರ ಕೆಲಸದ ಹಾಗೆ ಕಾಣುತ್ತದೆ, ನಿಮಗೂ ಯಾರಾದರೂ ಹೇಳಿಕೊಟ್ಟಾರು.

ಊರಿನ ಮನೆಯನ್ನು ಭೋಗ್ಯಕ್ಕೆ ಹಾಕಿದೆ.

ಭೋಗ್ಯ ನಿಮಗೆ ಗೊತ್ತೇ ಇರುತ್ತದೆ. ಬಾಡಿಗೆ ಇಲ್ಲ, ಒಂದೇ ಸಲ ದೊಡ್ಡ ಮೊತ್ತ ತಗೊಳ್ಳುವುದು, ಅವಧಿ ಮುಗಿದ ದಿನ ಬಡ್ಡಿ ಇಲ್ಲದೆ ಅಷ್ಟನ್ನೂ ವಾಪಸ್ ಕೊಡುವುದು. ಮೂರು ವರ್ಷಕ್ಕೆ ಕರಾರು ಆಯಿತು. ಬೀಗ ಹಾಕಿಟ್ಟ ಮನೆಗೆ ಗೆದ್ದಲು ಹಿಡಿಯುತ್ತದೆ, ಜನ ಇದ್ದರೆ ಮನೆ ಚೆನ್ನಾಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನ್ನ ಫ್ಲ್ಯಾಟಿನ ಸಾಲ ಕುತ್ತಿಗೆಗೆ ಬಂದಿತ್ತು. ಬಂದ ದುಡ್ಡನ್ನು ಪೂರ್ತಿ ಆ ಸಾಲಕ್ಕೆ ಕಟ್ಟಿಬಿಟ್ಟೆ.

ಕರಾರಿಗೆ ಸಹಿ ಹಾಕುವ ಹಿಂದಿನ ದಿನ ಅಪ್ಪ ಒಂದೇ ಒಂದು ಮಾತು ಕೇಳಿದರು. 'ಮೇಲಿನ ರೂಮು ನಮಗೇ ಇಟ್ಕೊಳ್ಳೋಣ್ವಾ?' ನಮ್ಮ ತಾರಸಿಯ ಮೇಲೆ ಒಂದು ಸಣ್ಣ ರೂಮಿದೆ. ಹೊರಗಿನಿಂದಲೇ ಮೆಟ್ಟಿಲು, ಪಕ್ಕದಲ್ಲಿ ಬಚ್ಚಲು. ಆ ರೂಮು ನಾವೇ ಇಟ್ಟುಕೊಂಡರೆ ಒಂದು ಲಕ್ಷ ಕಡಿಮೆ ಕೊಡುತ್ತೇವೆ ಎಂದು ಭೋಗ್ಯಕ್ಕೆ ಬಂದವರು ಹೇಳಿದ್ದರು. 'ಯಾಕಪ್ಪಾ, ಅಲ್ಲಿ ಯಾರು ಹೋಗಿ ಇರ್ತಾರೆ?' ಎಂದೆ. ಅಪ್ಪ ಮತ್ತೆ ಕೇಳಲಿಲ್ಲ. ಆಯ್ತು ಬಿಡು ಎಂದು ಸಹಿ ಹಾಕಿದರು.

ಆ ಒಂದು ಲಕ್ಷದ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ರೂಮು ಇದ್ದಿದ್ದರೆ ಅಪ್ಪ ತಿಂಗಳಿಗೆ ಹತ್ತು ದಿನ ಊರಲ್ಲಿ ಇರುತ್ತಿದ್ದರು. ತಿಪಟೂರು ದೂರವೇನಲ್ಲ, ಸುಮಾರು 140 ಕಿ.ಮೀ. ಬೇಕೆಂದಾಗ ರೈಲು ಹತ್ತಬಹುದಿತ್ತು. ಅಪ್ಪ ಬೆಂಗಳೂರಿಗೆ ಬಂದದ್ದು ಒಂದಷ್ಟು ದಿನ ಇದ್ದು ಹೋಗೋಣ ಎಂದುಕೊಂಡು. ಭೋಗ್ಯದ ಪತ್ರ ಅದನ್ನು ಬೇರೆಯೇ ಮಾಡಿತು. ಈಗ ಹೋದರೂ ಎಲ್ಲಿಗೆ ಹೋಗುವುದು? ಹುಟ್ಟಿ ಬೆಳೆದ ಊರಲ್ಲಿ ಅವರು ನೆಂಟರಾಗಿಬಿಟ್ಟರು. ಇನ್ನೊಬ್ಬರ ಮನೆಯಲ್ಲಿ ರಾತ್ರಿ ಉಳಿಯುವುದಕ್ಕೆ ಅಪ್ಪನಿಗೆ ಮೊದಲಿನಿಂದಲೂ ಸಂಕೋಚ. ಬೆಳಿಗ್ಗೆ ಎದ್ದು ಸ್ನಾನಕ್ಕೆ ಯಾರ ಮನೆ ಹಂಡೆ ನೀರು ಕೇಳೋದು ಎನ್ನುತ್ತಿದ್ದರು. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಲಕ್ಷಕ್ಕೆ ಆಸೆಪಟ್ಟೆ.

ಬೆಂಗಳೂರಿನಲ್ಲಿ ಅಪ್ಪನಿಗೆ ಊಟಕ್ಕೆ, ಔಷಧಿಗೆ, ಪ್ರೀತಿಗೆ ಏನೂ ಕೊರತೆ ಆಗಲಿಲ್ಲ. ನನ್ನ ಹೆಂಡತಿ ಅವರನ್ನು ತುಂಬಾ ಚೆನ್ನಾಗಿ ನೋಡಿಕೊಂಡಳು. ಪಾರ್ಕಿನಲ್ಲಿ ಹೊಸ ಸ್ನೇಹಿತರು ಸಿಗುತ್ತಾರೆ ಎಂದು ನೀವು ಬರೆದಿದ್ದೀರಿ, ಅಲ್ವಾ? ನಾನೂ ಅಪ್ಪನನ್ನು ಪಾರ್ಕಿಗೆ ಕಳಿಸಿದೆ. ಅಲ್ಲಿ ಸಿಕ್ಕವರು ಒಳ್ಳೆಯ ಜನ. ಆದರೆ ಮೊದಲು ಕೇಳುವುದೇ ಮಗ ಯಾವ ಕಂಪನಿ, ಮಗಳು ಯಾವ ದೇಶ ಎಂದು. ಅಲ್ಲಿ ಅಪ್ಪ ಯಾರಿಗೂ ಗುಮಾಸ್ತರಲ್ಲ, ಇಂಥ ಫ್ಲ್ಯಾಟಿನವರ ತಂದೆ. ಒಂದು ಹಿಡಿ ಕೊಬ್ಬರಿ ನೋಡಿ ಅದು ಎಷ್ಟು ಒಣಗಿದೆ ಎಂದು ಹೇಳಬಲ್ಲ ಮನುಷ್ಯನಿಗೆ ಅಲ್ಲಿ ಹೇಳಿಕೊಳ್ಳಲು ಏನೂ ಇರಲಿಲ್ಲ.

ನಾನು ಅವರಿಗೆ ಒಳ್ಳೆಯ ಫೋನ್ ತೆಗೆಸಿಕೊಟ್ಟೆ. ಮೇಷ್ಟ್ರ ಮೊಮ್ಮಗನ ಫೋನಿಗೆ ವಿಡಿಯೋ ಕಾಲ್ ಮಾಡಿಕೊಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಊಟ ಆಯ್ತಾ ಮೇಷ್ಟ್ರೇ? ಆಯ್ತು. ಮಳೆ? ಇಲ್ಲ. ಅಷ್ಟೇ. ಒಂದು ನಿಮಿಷಕ್ಕೆ ಮುಗಿಯಿತು. ನನಗೆ ಆಶ್ಚರ್ಯ ಆಯಿತು. ದಿನಾ ಎರಡು ಗಂಟೆ ಜೊತೆಗಿರುತ್ತಿದ್ದವರಿಗೆ ಮಾತೇ ಇಲ್ಲವಲ್ಲ ಎಂದು. ಆಮೇಲೆ ಹೊಳೆಯಿತು. ಸ್ಟೇಷನ್ ಬೆಂಚಿನ ಮೇಲೂ ಅವರು ಅಷ್ಟೊಂದು ಮಾತಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದರು. ರೈಲು ಬಂದರೆ ಇವತ್ತು ಲೇಟು ಎನ್ನುತ್ತಿದ್ದರು. ನಮ್ಮ ವಯಸ್ಸಿನವರು ಗೆಳೆತನ ಎಂದರೆ ಮಾತು ಎಂದುಕೊಂಡಿದ್ದೇವೆ, ಅದಕ್ಕೇ ಫೋನ್ ಇದ್ದರೆ ಸಾಕು ಎನಿಸುತ್ತದೆ. ಅವರ ಗೆಳೆತನ ನಿಂತಿದ್ದದ್ದು ಆರು ಗಂಟೆಯ ಕೆಮ್ಮಿನ ಮೇಲೆ, ಅರ್ಧ ಲೋಟ ಕಾಫಿಯ ಮೇಲೆ. ಅದನ್ನು ಫೋನಿನಲ್ಲಿ ಕಳಿಸಲು ಆಗುವುದಿಲ್ಲ.

2023ರಲ್ಲಿ ಕೊಬ್ಬರಿ ರೇಟು ಬಿತ್ತು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಆ ವರ್ಷ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗಿತ್ತು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು ಕೊಬ್ಬರಿ ಮಾಡುತ್ತಾರೆ. ರೇಟು ಬಿದ್ದರೆ ಬೀಳುವುದು ಒಂದು ವರ್ಷದ ದುಡಿಮೆ. ರೈತರು ಧರಣಿ ಕೂತರು. ಊರಿಗೆ ಊರೇ ಅದನ್ನೇ ಮಾತಾಡುತ್ತಿತ್ತು. ಅಪ್ಪ ಬಾಲ್ಕನಿಯಲ್ಲಿ ಪೇಪರ್ ಹಿಡಿದು ಕೂತು, ನಾನು ಆಫೀಸ್ ಕಾಲ್‌ನಲ್ಲಿ ಇರುವಾಗ ಬಂದು, 'ಮೇಷ್ಟ್ರು ಕೊಬ್ಬರಿ ಮಾರದೆ ಇಟ್ಕೊಂಡಿದ್ದಾರೋ ಏನೋ' ಎನ್ನುತ್ತಿದ್ದರು. ನಾನು ಕೈ ಸನ್ನೆ ಮಾಡಿ ಆಮೇಲೆ ಎನ್ನುತ್ತಿದ್ದೆ. ಆಮೇಲೆ ನಾನೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಅದೇ ವರ್ಷ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು, ಮಾತು ತೊದಲಿತು. ಅಪ್ಪ ಬೆಳಗಿನ ರೈಲಿಗೆ ಹೋಗಿ, ಅವರ ಮಂಚದ ಪಕ್ಕ ಕೂತು, ಸಂಜೆ ರೈಲಿಗೆ ವಾಪಸ್ ಬರುತ್ತಿದ್ದರು. ಆ ವಯಸ್ಸಿನಲ್ಲಿ ಅದು ಎಷ್ಟು ದಿನ ಸಾಧ್ಯ? ಅವರ ಮನೆಯಲ್ಲಿ ಎರಡೇ ಕೋಣೆ. ಮಗ, ಸೊಸೆ, ಮೊಮ್ಮಕ್ಕಳು, ಕಾಯಿಲೆಯವರು. ಅಲ್ಲಿ ಉಳಿಯುತ್ತೇನೆ ಎಂದು ಅಪ್ಪ ಹೇಗೆ ಕೇಳುತ್ತಾರೆ? ನಾನು ಭೋಗ್ಯದ ಮನೆಯವರ ಹತ್ತಿರ ಹೋಗಿ, ಮೇಲಿನ ರೂಮಾದರೂ ಬಿಟ್ಟುಕೊಡಿ ಎಂದು ಕೇಳಿದೆ. ಅದರಲ್ಲಿ ಅವರ ಅಣ್ಣನ ಮಗ ಕಾಲೇಜಿಗೆಂದು ಬಂದು ಇದ್ದ. ಮನೆ ಬಿಡಿಸೋಣ ಎಂದರೆ ವಾಪಸ್ ಕೊಡಲು ನನ್ನ ಹತ್ತಿರ ದುಡ್ಡಿರಲಿಲ್ಲ. ಅವರದು ಏನೂ ತಪ್ಪಿಲ್ಲ, ಕರಾರಿನಂತೆ ನಡೆದುಕೊಂಡರು. ನಾನೇ ಬರೆಸಿದ ಕರಾರು.

ಮೇಷ್ಟ್ರು ಆ ಚಳಿಗಾಲದಲ್ಲಿ ಹೋದರು. ಅಪ್ಪ ತಲುಪುವ ತನಕ ಅವರ ಮಗ ದೇಹ ಎತ್ತಿರಲಿಲ್ಲ. ಅಷ್ಟು ಮಟ್ಟಿಗೆ ಪುಣ್ಯ. ವಾಪಸ್ ಬರುವಾಗ ಅಪ್ಪ ಕಾರಿನಲ್ಲಿ ಹೇಳಿದರು, 'ಆ ಆರು ತಿಂಗಳು ನಾನು ದಿನಾ ಹೋಗಿ ಪೇಪರ್ ಓದಿ ಹೇಳಬಹುದಿತ್ತು.' ಬೈದು ಹೇಳಿದ್ದಲ್ಲ. ಆಗಬೇಕಿದ್ದ ಒಂದು ಕೆಲಸ ಉಳಿದುಹೋಯಿತು ಎನ್ನುವ ಹಾಗೆ ಹೇಳಿದರು. ನಾನು ಏನೂ ಮಾತಾಡಲಿಲ್ಲ.

2024ರಲ್ಲಿ ಅವಧಿ ಮುಗಿಯಿತು. ಸಾಲ ಮಾಡಿ ಭೋಗ್ಯದ ದುಡ್ಡು ಕೊಟ್ಟು ಮನೆ ಬಿಡಿಸಿಕೊಂಡೆ. ಅಪ್ಪ ಈಗ ತಿಪಟೂರಿನಲ್ಲೇ ಇದ್ದಾರೆ. ಮೇಷ್ಟ್ರ ಮೊಮ್ಮಗ ಸಂಜೆ ಬಂದು ಲೆಕ್ಕ ಹೇಳಿಸಿಕೊಳ್ಳುತ್ತಾನೆ.

ಈಗ ನಿಮ್ಮ ವಿಷಯ. ನೀವು ಮೂರು ದಾರಿ ಬರೆದು ಯಾವುದು ಸರಿ ಎಂದು ಕೇಳಿದ್ದೀರಿ. ಬೆಂಗಳೂರಿಗೆ ಕರೆತರುವುದು, ವೃದ್ಧಾಶ್ರಮ, ಅಥವಾ ನೀವೇ ಕೆಲಸ ಬಿಟ್ಟು ಹೋಗುವುದು. ನನ್ನ ಪ್ರಕಾರ ಮೂರೂ ಈಗ ಬೇಡ. ನಿಮ್ಮ ತಂದೆಗೆ 71 ವರ್ಷ, ಓಡಾಡಿಕೊಂಡಿದ್ದಾರೆ, ಅಡುಗೆ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಅವರಿಗೆ ಏನು ಕಮ್ಮಿಯಾಗಿದೆ? ಹೆಂಡತಿ ಇಲ್ಲ. ಅದನ್ನು ನೀವು ಕೊಡಲು ಆಗುವುದಿಲ್ಲ. ಉಳಿದದ್ದು ಗೆಳೆಯರು. ಅದನ್ನೂ ಕಿತ್ತುಕೊಳ್ಳುವುದು ಯಾಕೆ?

ಮನೆ ಸರಿಮಾಡಿಸಿ. ಬಚ್ಚಲಿನಲ್ಲಿ ಗೋಡೆಗೆ ಹಿಡಿ ಹಾಕಿಸಿ, ಜಾರದ ಟೈಲ್ಸ್ ಹಾಕಿಸಿ, ಕೂರುವ ಕಮೋಡ್ ಮಾಡಿಸಿ. ವಯಸ್ಸಾದವರು ಅಲ್ಲಿ ಜಾರಿ ಬೀಳುವುದುಂಟು. ರಾತ್ರಿ ಎದ್ದರೆ ಕಾಲಡಿ ಕಾಣುವಂತೆ ಸಣ್ಣ ದೀಪ ಇರಲಿ. ಮಾತ್ರೆಗಳ ಪಟ್ಟಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ, 108 ಕೂಡ ಅಲ್ಲೇ ಬರೆದಿಡಿ. ಪಕ್ಕದ ಮನೆಯಲ್ಲಿ ಒಂದು ಬೀಗದ ಕೈ ಇರಲಿ. ಹಿರಿಯರಿಗೆಂದೇ 14567 ಎಂಬ ಸಹಾಯವಾಣಿ ಇದೆ, ದುಡ್ಡಿಲ್ಲದೆ ಕರೆ ಮಾಡಬಹುದು. ಇದಕ್ಕೆಲ್ಲ ಸೇರಿ ಆಗುವ ಖರ್ಚು ಬೆಂಗಳೂರಿನಲ್ಲಿ ಇನ್ನೊಂದು ರೂಮಿರುವ ಮನೆ ಹಿಡಿಯುವುದಕ್ಕಿಂತ ಕಡಿಮೆಯೇ.

ಮನೆಯನ್ನು ಭೋಗ್ಯಕ್ಕೂ ಹಾಕಬೇಡಿ, ನಿಮ್ಮ ಹೆಸರಿಗೂ ಬರೆಸಿಕೊಳ್ಳಬೇಡಿ. ಹೇಗಿದ್ದರೂ ನಿಮಗೇ ತಾನೇ ಎಂದು ನೆಂಟರು ಹೇಳುತ್ತಾರೆ. ಹೇಳಲಿ. ಮಕ್ಕಳಿಗೆ ಆಸ್ತಿ ಬರೆದುಕೊಟ್ಟು ಬೀದಿಗೆ ಬಿದ್ದವರು ಇರುವುದರಿಂದಲೇ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಿಸಲು 23ನೇ ಸೆಕ್ಷನ್ ಇಟ್ಟಿದ್ದಾರೆ. ನೀವು ಅಂಥವರಲ್ಲ ಎಂದು ಗೊತ್ತು. ಆದರೆ ಮನೆ ಅವರ ಹೆಸರಿನಲ್ಲಿ ಇದ್ದು ಬೀಗದ ಕೈ ಅವರ ಜೇಬಿನಲ್ಲಿ ಇದ್ದರೆ, ಅವರು ಬೆಂಗಳೂರಿಗೆ ಬರುವ ರೀತಿಯೇ ಬೇರೆ ಇರುತ್ತದೆ. ಹೋಗಲು ದಾರಿ ಇದೆ ಎಂದು ಗೊತ್ತಿದ್ದವರು ನೆಮ್ಮದಿಯಿಂದ ಹದಿನೈದು ದಿನ ಇದ್ದು ಹೋಗುತ್ತಾರೆ. ನಮ್ಮಪ್ಪ ಈಗ ಹಾಗೇ ಬರುತ್ತಾರೆ.

ಯಾವಾಗ ಕರೆತರಬೇಕು ಎಂದರೆ, ಗ್ಯಾಸ್ ಹಚ್ಚಿ ಮರೆಯಲು ಶುರುಮಾಡಿದಾಗ, ದಾರಿ ತಪ್ಪಿದಾಗ, ಬಚ್ಚಲಿಗೆ ಹೋಗಲು ಇನ್ನೊಬ್ಬರ ಕೈ ಬೇಕಾದಾಗ. ಆಗ ಅವರು ಬೇಡ ಎಂದರೂ ಕರೆತನ್ನಿ. ಆಗಲೂ ಊರಿನ ಮನೆಯಲ್ಲಿ ಒಂದು ರೂಮು ಉಳಿಸಿ.

ಕೊನೆಗೆ ನಾನೇ ನಿಮ್ಮನ್ನು ಒಂದು ಕೇಳುತ್ತೇನೆ. ಗೆಳೆಯರಿದ್ದಾರೆ ಎಂದು ನಿಮ್ಮ ತಂದೆ ಹೇಳುತ್ತಾರಲ್ಲ, ಆ ಗೆಳೆಯರು ಯಾರು? ಹೆಸರು ಗೊತ್ತಾ? ಅವರಲ್ಲಿ ಒಬ್ಬರ ನಂಬರಾದರೂ ನಿಮ್ಮ ಫೋನಿನಲ್ಲಿದೆಯಾ? ಒಂದು ಬೆಳಿಗ್ಗೆ ನಿಮ್ಮ ತಂದೆ ವಾಕಿಂಗಿಗೆ ಬರಲಿಲ್ಲ ಎಂದರೆ ಮೊದಲು ಗೊತ್ತಾಗುವುದು ಅವರಿಗೆ, ನಿಮಗಲ್ಲ. ಈ ಭಾನುವಾರ ಹಾಸನಕ್ಕೆ ಹೋಗಿ. ಅಪ್ಪನ ಜೊತೆ ಬೆಳಿಗ್ಗೆ ಎದ್ದು ಅವರು ಕೂರುವ ಜಾಗಕ್ಕೆ ಹೋಗಿ ಕೂರಿ. ಅವರ ಗೆಳೆಯರ ಮನೆ ನೋಡಿಕೊಂಡು ಬನ್ನಿ, ನಂಬರ್ ಬರೆದುಕೊಳ್ಳಿ, ನಿಮ್ಮ ನಂಬರನ್ನೂ ಕೊಡಿ. ಬೆಂಗಳೂರಿನ ಮಾತು ಆ ದಿನ ತೆಗೆಯಲೇಬೇಡಿ.