ಫಿಲಿಪ್ಪಾ ಬರೀ ಹೆಸರಿಗೆ ರಾಣಿಯಾಗಿದ್ದಳಾ?

ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರಕ್ಕೂ ರಾಣಿಯಾಗಿದ್ದ ಫಿಲಿಪ್ಪಾ ನಿಜವಾಗಿ ಆಡಳಿತ ಮಾಡಿದ್ದಳಾ, ಇಲ್ಲ ಬರೀ ರಾಜನ ಹೆಂಡತಿಯಾ ಅಂತ ಕೇಳಿದ್ದೀರಿ. ಮಾಡಿದ್ದಳು, ಅದೂ ಚೆನ್ನಾಗಿಯೇ.

ಅವಳು ಇಂಗ್ಲೆಂಡಿನ ನಾಲ್ಕನೇ ಹೆನ್ರಿಯ ಮಗಳು. 1406ರಲ್ಲಿ ಲುಂಡ್ ಊರಿನಲ್ಲಿ ಎರಿಕ್ ರಾಜನ ಜೊತೆ ಮದುವೆಯಾದಾಗ ಇನ್ನೂ ಹನ್ನೆರಡರ ಹುಡುಗಿ. ಅಂದು ಅವಳು ಉಟ್ಟಿದ್ದು ಬಿಳಿ ರೇಷ್ಮೆ, ಅಂಚಿಗೆ ಅಳಿಲಿನ ತುಪ್ಪಳ. ಬಿಳಿ ಉಡುಪಿನಲ್ಲಿ ಮದುವೆಯಾದ ರಾಜಕುಮಾರಿಯರಲ್ಲಿ ದಾಖಲೆ ಸಿಗುವ ಮೊದಲಿಗಳು ಇವಳೇ ಅಂತ ಹೇಳುತ್ತಾರೆ.

ನಿಮ್ಮ ಪ್ರಶ್ನೆಗೆ ಗಟ್ಟಿ ಉತ್ತರ 1423ರಿಂದ 1425ರ ನಡುವೆ ಇದೆ. ಎರಿಕ್ ಜೆರುಸಲೇಮ್ ಯಾತ್ರೆಗೆ ಹೊರಟಾಗ ಮೂರೂ ರಾಜ್ಯಗಳನ್ನು ಅವಳ ಕೈಗೆ ಕೊಟ್ಟ. ಸುಮ್ನೆ ಯಾರಾದರೂ ಹಾಗೆ ಕೊಡುತ್ತಾರಾ? ಆಗ ಅವಳು ಉತ್ತರ ಜರ್ಮನಿಯ ಲ್ಯೂಬೆಕ್‌ನಂಥ ವ್ಯಾಪಾರಿ ನಗರಗಳ ಜೊತೆ ನಾಣ್ಯದ ಬಗ್ಗೆ ಒಪ್ಪಂದ ಮಾಡಿಕೊಂಡಳು. ಯುದ್ಧದ ಖರ್ಚಿನಿಂದ ನಾಣ್ಯದಲ್ಲಿ ಬೆಳ್ಳಿ ಕಮ್ಮಿಯಾಗುತ್ತಿದ್ದ ಕಾಲ ಅದು. ಹಾಗಾಗಿ ಇದು ಸಣ್ಣ ಕೆಲಸ ಅಲ್ಲ. 1428ರಲ್ಲಿ ಹನ್ಸಾ, ಅಂದರೆ ಇಂಥ ವ್ಯಾಪಾರಿ ನಗರಗಳ ಕೂಟದ ಹಡಗುಗಳು ಕೋಪನ್‌ಹೇಗನ್ ಮೇಲೆ ದಾಳಿ ಮಾಡಿದಾಗ ನಗರದ ರಕ್ಷಣೆಗೆ ನಿಂತವಳೂ ಇವಳೇ ಎಂದು ಜನ ನೆನೆಯುತ್ತಾರೆ.

ಸ್ವೀಡನ್‌ನಲ್ಲಿ ಅವಳಿಗೆ ಸ್ವಂತ ಜಮೀನು ಜಾಸ್ತಿ ಇತ್ತು. ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತಿದ್ದಳು, ರಾಜನ ಪರವಾಗಿ ಅಲ್ಲಿನ ಕೆಲಸ ನೋಡಿಕೊಳ್ಳುತ್ತಿದ್ದಳು. ವಾಡ್‌ಸ್ಟೇನಾ ಮಠದ ಮೇಲೆ ಅವಳಿಗೆ ಬಹಳ ಪ್ರೀತಿ. 1430ರ ಜನವರಿಯಲ್ಲಿ ತೀರಿಕೊಂಡದ್ದೂ ಅಲ್ಲೇ, ಸಮಾಧಿಯೂ ಅಲ್ಲೇ. ಮಕ್ಕಳಿರಲಿಲ್ಲ. ನಾಲ್ಕೇ ವರ್ಷದಲ್ಲಿ ಸ್ವೀಡನ್‌ನಲ್ಲಿ ಎರಿಕ್ ವಿರುದ್ಧ ದಂಗೆ ಎದ್ದಿತು. ತೆರಿಗೆ, ಅಧಿಕಾರಿಗಳ ದಬ್ಬಾಳಿಕೆ ಅದಕ್ಕೆ ಮುಖ್ಯ ಕಾರಣ. ಆದರೂ ಅಲ್ಲಿನವರ ಜೊತೆ ಕೂತು ಮಾತಾಡಬಲ್ಲ ಅವಳು ಇಲ್ಲದ್ದು ರಾಜನಿಗೆ ದೊಡ್ಡ ಪೆಟ್ಟು ಅಂತಲೇ ನನ್ನ ಅಭಿಪ್ರಾಯ.