ಚಾರ್ಲ್ಸ್ ಕೊರಿಯಾ ಕಮಿಟಿಗಳಲ್ಲಿ ಸುಮ್ನೆ ಕಾಲ ಕಳೆದರೇ?

ನವಿ ಮುಂಬಯಿಯ ನೆರೂಳಿನ ಓದುಗರಿಗೆ ನಮಸ್ಕಾರ.

ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಕುರಿತ ನಮ್ಮ ಲೇಖನ ನಿಮಗೆ ಹಿಡಿಸಿದೆ, ಸಂತೋಷ. ಜೊತೆಗೊಂದು ತಕರಾರೂ ಇದೆ: 'ಪಾಠ, ಸರ್ಕಾರಿ ಕಮಿಟಿ ಅಂತ ಯಾಕೆ ಅಲೆದರು? ಆ ಹೊತ್ತಿನಲ್ಲಿ ಇನ್ನೂ ಹತ್ತು ಕಟ್ಟಡ ಆಗುತ್ತಿತ್ತಲ್ಲ?'

ನೀವು ಇರುವ ಊರೇ ಅದಕ್ಕೆ ಅರ್ಧ ಉತ್ತರ. ಮುಂಬಯಿಯ ಖಾಡಿಯ (ಸಮುದ್ರದ ಹಿನ್ನೀರಿನ) ಆಚೆ ಹೊಸ ನಗರ ಬೇಕೆಂದು 1965ರಲ್ಲಿ ಕೊರಿಯಾ, ಆರ್ಕಿಟೆಕ್ಟ್ ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್ ಸೇರಿ ವಾದಿಸಿದರು. 1970ರಲ್ಲಿ ಆ ನಗರ, ಅಂದರೆ ನವಿ ಮುಂಬಯಿ, ಕಟ್ಟಲೆಂದು ಸಿಡ್ಕೊ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಮೊದಲ ವರ್ಷಗಳಲ್ಲಿ ಅದರ ಮುಖ್ಯ ಆರ್ಕಿಟೆಕ್ಟ್ ಕೊರಿಯಾ.

ಬಿಡುವಾದಾಗ ಬೇಲಾಪುರದಲ್ಲಿ ಅವರು ರೂಪಿಸಿದ ಮನೆಗಳ ಬಡಾವಣೆ ಆರ್ಟಿಸ್ಟ್ಸ್ ವಿಲೇಜ್‌ಗೆ ಹೋಗಿ ಬನ್ನಿ. ಏಳೇಳು ಮನೆಗೆ ಒಂದು ಅಂಗಳ, ಸುಮಾರು 8 ಮೀಟರ್ ಉದ್ದ, ಅಷ್ಟೇ ಅಗಲ. ಅಂಥ ಮೂರು ಗುಂಪು ಸೇರಿದರೆ 21 ಮನೆ, ಅವಕ್ಕೆ ಇನ್ನೊಂದು ದೊಡ್ಡ ಅಂಗಳ. ಒಬ್ಬರ ಗೋಡೆ ಇನ್ನೊಬ್ಬರಿಗೆ ತಾಗದ ಹಾಗೆ ನಕ್ಷೆ. ಕೈಯಲ್ಲಿ ಕಾಸು ಓಡಾಡಿದಾಗ ಮೇಲೊಂದು ಕೋಣೆ ಎತ್ತಬೇಕೆಂದರೆ ಪಕ್ಕದ ಮನೆಯ ಗೋಡೆ ಮುಟ್ಟಬೇಕಾಗಿಲ್ಲ. ಜನ ಹಾಗೇ ಎತ್ತಿದರು. ಹಳೆಯ ಹೆಂಚಿನ ಮನೆಗಳು ಈಗ ಕಡಿಮೆ. ಅಂದ ಕೆಟ್ಟಿತು ಎಂದು ಗೊಣಗುವವರಿದ್ದಾರೆ. ನನಗಂತೂ ಮುಂಬಯಿಯ ಪೆಡ್ಡರ್ ರೋಡಿನ ಅವರ ಕಾಂಚನಜಂಗಾ ಟವರ್‌ಗಿಂತ ಇದೇ ಜಾಸ್ತಿ ಇಷ್ಟ.

ಕಮಿಟಿ ವಿಷಯದಲ್ಲಿ ನಿಮ್ಮ ಬೇಸರ ನ್ಯಾಯವಾದದ್ದೇ. ಮುಂಬಯಿಯ ಬಟ್ಟೆ ಗಿರಣಿಗಳ ಜಮೀನು ಏನು ಮಾಡಬೇಕೆಂದು ಹೇಳಲು 1996ರಲ್ಲಿ ಸರ್ಕಾರ ಅವರ ನೇತೃತ್ವದಲ್ಲೇ ಒಂದು ತಂಡ ಮಾಡಿತು. 1991ರ ನಿಯಮದ ಪ್ರಕಾರ ಆ ಜಮೀನಿನ ಮೂರರಲ್ಲೊಂದು ಪಾಲು ಬಯಲು ಜಾಗಕ್ಕೆ, ಒಂದು ಪಾಲು ಮ್ಹಾಡಾ (ಸರ್ಕಾರಿ ಗೃಹಮಂಡಳಿ) ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. ಒಂದೊಂದು ಗಿರಣಿಯಿಂದ ಒಂದೊಂದು ಚೂರು ತೆಗೆದುಕೊಳ್ಳುವುದು ಬೇಡ, ಎಲ್ಲವನ್ನೂ ಒಟ್ಟಿಗಿಟ್ಟು ಪ್ಲಾನ್ ಮಾಡಿ ಎಂದರು ಕೊರಿಯಾ. ವರದಿ ಮೂಲೆ ಸೇರಿತು. 2001ರಲ್ಲಿ ನಿಯಮವೇ ಬದಲಾಯಿತು: ಖಾಲಿ ಬಿದ್ದ ನೆಲದಲ್ಲಿ ಮಾತ್ರ ಪಾಲು, ಶೆಡ್ಡು ನಿಂತಿದ್ದ ನೆಲ ಲೆಕ್ಕಕ್ಕಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಂಜೆ ಆ ಗಿರಣಿ ಪ್ರದೇಶದ ಲೋವರ್ ಪರೇಲ್ ಸ್ಟೇಷನ್ನಿನ ನೂಕುನುಗ್ಗಲಲ್ಲಿ ನಿಂತವರಿಗೆ ಮುಂದಿನ ಕಥೆ ಹೇಳಬೇಕೇ? ಆದರೂ ಒಂದಿದೆ. ಆ ಕೆಲಸ ನಡೆದಿದ್ದರಿಂದಲೇ ನಗರ ಏನು ಕಳೆದುಕೊಂಡಿತು ಎಂದು ಇವತ್ತು ನಾವು ಬೆರಳಿಟ್ಟು ತೋರಿಸಬಹುದು.

ಪಾಠದ ಮಾತಿಗೆ ಬಂದರೆ, ಅಮೆರಿಕದ ಎಂಐಟಿಯಲ್ಲಿ ಓದಿದವರು ಅಲ್ಲೇ ಪಾಠವನ್ನೂ ಹೇಳಿದರು. 1984ರಲ್ಲಿ ಮುಂಬಯಿಯಲ್ಲಿ ಅರ್ಬನ್ ಡಿಸೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಶುರುಮಾಡಿದರು. ಹತ್ತು ಕಟ್ಟಡಕ್ಕೆ ಇದೇನು ಕಡಿಮೆ ಅಲ್ಲ ಅಲ್ವಾ?

ಇಲ್ಲ, ನನಗೆ ಕಟ್ಟಡವೇ ಬೇಕು ಅನ್ನುತ್ತೀರಾ? ಬೆಂಗಳೂರಿಗೆ ಹೋದಾಗ ವಿಧಾನಸೌಧದ ಕಡೆ ಬಂದರೆ, ಅಂಬೇಡ್ಕರ್ ಬೀದಿಯ ವಿಶ್ವೇಶ್ವರಯ್ಯ ಟವರ್ ನೋಡಿ. ಅದೂ ಅವರದೇ.

— ಸಂಪಾದಕ