ಅಮೆರಿಕದ ಆಧುನಿಕ ಕಲೆಯನ್ನೂ ಹಳೆಯ ಕಲೆಯನ್ನೂ ಒಂದೇ ಗ್ಯಾಲರಿಯಲ್ಲಿ ಏಕೆ ಪ್ರದರ್ಶಿಸುತ್ತಾರೆ?

ಈ ಪದ್ಧತಿಯ ಹಿಂದಿನ ತರ್ಕ ತಿಳಿಯಲು ನ್ಯೂಯಾರ್ಕಿನ ಡೌನ್‌ಟೌನ್ ಗ್ಯಾಲರಿಯ ಉದಾಹರಣೆಯೊಂದೇ ಸಾಕು. ಒಡೆಸ್ಸಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಈಡಿತ್ ಹಾಲ್ಪರ್ಟ್ ಇದನ್ನು 1926ರಲ್ಲಿ ಗ್ರೀನಿಚ್ ವಿಲೇಜಿನಲ್ಲಿ ಆರಂಭಿಸಿದರು. ಸಿರಿವಂತ ಸಂಗ್ರಾಹಕರಲ್ಲಿ ಹೆಚ್ಚಿನವರು ಪ್ಯಾರಿಸ್ಸಿನತ್ತಲೇ ಕಣ್ಣು ನೆಟ್ಟಿದ್ದ ಆ ಕಾಲದಲ್ಲಿ ಅವರು ಸ್ಟುವರ್ಟ್ ಡೇವಿಸ್, ಚಾರ್ಲ್ಸ್ ಶೀಲರ್, ಯಾಸುವೊ ಕುನಿಯೋಶಿ ಮೊದಲಾದ ಸಮಕಾಲೀನ ಅಮೆರಿಕನ್ ಕಲಾವಿದರ ಕೃತಿಗಳನ್ನು ಮಾರಾಟಕ್ಕಿಟ್ಟರು.

1931ರಲ್ಲಿ ಅದೇ ಕಟ್ಟಡದಲ್ಲಿ ಜಾನಪದ ಕಲೆಯ ಗ್ಯಾಲರಿಯೂ ಆರಂಭವಾಯಿತು. ಮನೆಯ ಮಾಡಿನ ಮೇಲೆ ಗಾಳಿಯ ದಿಕ್ಕು ತೋರಿಸುತ್ತಿದ್ದ ಲೋಹದ ಆಕೃತಿಗಳು ಹಾಗೂ ಹೆಸರೇ ತಿಳಿಯದ ಊರೂರಿನ ಚಿತ್ರಕಾರರು ಬರೆದ ಭಾವಚಿತ್ರಗಳು ಆಧುನಿಕರ ಸರಳ ರೇಖೆಗೆ ಪೂರ್ವಜರಂತಿವೆ ಎಂಬುದು ಹಾಲ್ಪರ್ಟ್ ಅವರ ವಾದ. ಇದರಲ್ಲಿ ವ್ಯಾಪಾರದ ಜಾಣತನವೂ ಇತ್ತೆನ್ನಬೇಕು: ಸಿರಿವಂತ ಸಂಗ್ರಾಹಕಿ ಅಬಿ ಆಲ್ಡ್ರಿಚ್ ರಾಕ್‌ಫೆಲರ್ ಅವರಂಥವರು ಕೊಂಡ ಜಾನಪದ ವಸ್ತುಗಳಿಂದ ಬಂದ ಹಣವೇ, ಆರ್ಥಿಕ ಕುಸಿತದ ವರ್ಷಗಳಲ್ಲಿ, ಸುಲಭವಾಗಿ ಮಾರಾಟವಾಗದ ಆಧುನಿಕ ಚಿತ್ರಗಳಿಗೆ ಆಸರೆಯಾಯಿತು.

ಮರೆತುಹೋಗಿದ್ದ 19ನೇ ಶತಮಾನದ ಅಮೆರಿಕನ್ ಚಿತ್ರಕಾರ ವಿಲಿಯಂ ಹಾರ್ನೆಟ್ ಮತ್ತೆ ಬೆಳಕಿಗೆ ಬಂದದ್ದೂ ಇಲ್ಲಿಂದಲೇ. ಅವರ 1890ರ 'ದ ಫೇತ್‌ಫುಲ್ ಕೋಲ್ಟ್' ಚಿತ್ರದಲ್ಲಿ ಹಲಗೆಯ ಮೊಳೆಗೆ ತೂಗುಹಾಕಿದ ಹಳೆಯ ರಿವಾಲ್ವರ್ ಒಂದಿದೆ. ಅದರ ಹಿಡಿಯಲ್ಲಿನ ಬಿರುಕನ್ನೂ ಲೋಹದ ಸವಕಲನ್ನೂ ಎಷ್ಟು ನಿಖರವಾಗಿ ಬಿಡಿಸಲಾಗಿದೆಯೆಂದರೆ, ಕೈ ಚಾಚಿ ಎತ್ತಿಕೊಳ್ಳಬಹುದು ಎನ್ನಿಸುತ್ತದೆ. ಹಾರ್ಟ್‌ಫರ್ಡಿನ ವಾಡ್ಸ್‌ವರ್ತ್ ಅಥೀನಿಯಂ ಕಲಾ ವಸ್ತುಸಂಗ್ರಹಾಲಯ ಇದನ್ನು 1935ರಲ್ಲಿ ಕೊಂಡಿತು. 1941ರಲ್ಲಿ ಇದೇ ಗ್ಯಾಲರಿಯು, ದಕ್ಷಿಣದಿಂದ ಉತ್ತರಕ್ಕೆ ಗುಳೆ ಹೋದ ಕಪ್ಪು ಜನರ ಕಥೆ ಹೇಳುವ ಜೇಕಬ್ ಲಾರೆನ್ಸ್ ಅವರ 60 ಫಲಕಗಳ ಚಿತ್ರಮಾಲೆಯನ್ನು ಪ್ರದರ್ಶಿಸಿತು.